ಕುಂಕುಮ ಹಿಡಿದು ಆರಿಸಿದ ಮಾನಿಟರ್

ಬೆಳಗಿನ ಐದು ಗಂಟೆ ಹತ್ತು ನಿಮಿಷ. ತಮಿಳುನಾಡು ಗಡಿಯ ಹೊಸೂರಿನ ರಾಯಕೋಟೆ ರಸ್ತೆಯಲ್ಲಿ ಟೊಮೆಟೊ ತುಂಬಿಕೊಂಡು ಹೋಗುವ ಟೆಂಪೊಗಳನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಫ್ಲೆಕ್ಸ್ ಬ್ಯಾನರ್ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಅದರ ಕೆಳಗೆ ಬಗ್ಗಿ ಒಳಗೆ ಹೋದ ಮುನಿಲಕ್ಷ್ಮಿ ಚಪ್ಪಲಿ ಬಿಟ್ಟು, ದೇವರ ಪಟದ ಬಲ್ಬು ಹಾಕಿ, ಕಂಪ್ಯೂಟರ್ ಮುಂದೆ ಕೂರುತ್ತಾರೆ. ಪರದೆ ಬೆಳಗಿದ ಕೂಡಲೇ ಅವರು ಮಾಡುವ ಮೊದಲ ಕೆಲಸ ನೋಡಿದವರಿಗೆ ವಿಚಿತ್ರ ಅನಿಸೀತು. ತಮ್ಮದೇ ಎಡಗೈಯ ಫೋಟೊ ಇರುವ ಫೈಲೊಂದನ್ನು ತೆರೆದು, ನಿಜವಾದ ಎಡಗೈಯನ್ನು ಅದರ ಪಕ್ಕಕ್ಕೆ ಹಿಡಿಯುತ್ತಾರೆ. ಒಂದು ಗಳಿಗೆ ಆ ಕೈ ನೋಡುತ್ತಾರೆ, ಒಂದು ಗಳಿಗೆ ಈ ಕೈ.

“ಕೈ ಐತಾ ಅಮ್ಮಣ್ಣಿ, ಇಲ್ಲಾ ಯಾರಾದ್ರೂ ಕಿತ್ಕೊಂಡೋದ್ರಾ?” ಎನ್ನುತ್ತಾರೆ ಹಿಂದಿನ ಕೋಣೆಯಲ್ಲಿ ಪ್ರಿಂಟಿಂಗ್ ಮೆಷೀನು ಒರೆಸುತ್ತಿರುವ ವೆಂಕಟೇಶಪ್ಪ.

“ಐತೆ ಕಣಣ್ಣ. ನಿನ್ ಮಿಸೀನು ಕಣ್ ಬಿಡ್ತಾ ನೋಡ್ಕೊ ಮೊದ್ಲು.”

ಅಷ್ಟರಲ್ಲಿ ಫೋನು ಬರುತ್ತದೆ, ಹತ್ತಿರದ ಆಲಸನತ್ತಂನಿಂದ. ಬೆಳಗಿನ ಜಾವ ಒಬ್ಬ ಅಜ್ಜಿ ತೀರಿಕೊಂಡಿದ್ದಾರೆ. ಮಾತಾಡುತ್ತಿರುವವನು ಮೊಮ್ಮಗ. ತಮಿಳಿನಲ್ಲಿ ಶುರು ಮಾಡಿದವನು ಈಕೆಯ ಮಾತಿನ ರಾಗ ಕೇಳಿ ಕನ್ನಡಕ್ಕೆ ಹೊರಳಿಕೊಳ್ಳುತ್ತಾನೆ.

“ಅಕ್ಕಾ, ಏಳು ಗಂಟೆಗೆಲ್ಲಾ ಬೇಕು. ಜನ ಬರೋ ಅಷ್ಟ್ರಾಗೆ ಕಟ್ಬುಡ್ಬೇಕು.”

“ಆಗ್ತೈತಪ್ಪ. ಫೋಟೊ ಯಾವ್ದೈತೆ?”

“ಮದ್ವೇದು. ಹಿಂದ್ಗಡೆ ಸಾಲ್ನಾಗೆ ನಿಂತವ್ಳೆ ಅಜ್ಜಿ. ಅರ್ಧ ಮುಖ ಮಾವನ ಭುಜದ ಹಿಂದೈತೆ.”

“ಇನ್ನರ್ಧ ನಾನ್ ತತ್ತೀನಿ. ಹೆಸ್ರುಗಳ್ನ ಸರಿಯಾಗಿ ಬರ್ದು ಕಳ್ಸು. ಅಳಿಯಂದಿರ್ನ ವಯಸ್ಸಿನ ಪ್ರಕಾರ ಹಾಕು, ಆಮೇಲೆ ನನ್ ತಲೆಗೆ ತರ್ಬ್ಯಾಡ.”

ಮದುವೆಯ ಗುಂಪಿನಿಂದ ಅಜ್ಜಿಯನ್ನು ಬಿಡಿಸಿ ತೆಗೆಯುವುದು ಹತ್ತು ನಿಮಿಷದ ಕೆಲಸ. ಮುಚ್ಚಿಹೋದ ಕೆನ್ನೆಯನ್ನು ಕಾಣುವ ಕೆನ್ನೆಯಿಂದ ಕಟ್ಟಬೇಕು. ಮೂಗುಬಟ್ಟು ಎರಡು ಕಡೆಯೂ ಇತ್ತೇ ಎಂದು ಮೊಮ್ಮಗನನ್ನು ಕೇಳಿಕೊಳ್ಳಬೇಕು. ಹಿಂದೆ ಮೋಡ, ಕೆಳಗೆ ತಾವರೆ, ಎರಡು ಬದಿಗೆ ದೀಪ, ಮೇಲೆ ತಮಿಳಿನಲ್ಲಿ ‘ಕಣ್ಣೀರ್ ಅಂಜಲಿ’, ಅದರಡಿ ಕನ್ನಡದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಆರೂಕಾಲಿಗೆ ಫೈಲು ಮೆಷೀನಿಗೆ ಹೋಗುತ್ತದೆ. ಏಳಕ್ಕೆ ಐದು ನಿಮಿಷ ಇರುವಾಗ, ಇಂಕಿನ ವಾಸನೆ ಆರದ ಎಂಟಡಿಯ ಬ್ಯಾನರ್ ಸುರುಳಿಯಾಗಿ ಬೈಕ್ ಏರುತ್ತದೆ.

ಹೊಸೂರು, ಕೃಷ್ಣಗಿರಿ ಕಡೆ ಸಾವಿನ ಮನೆಗೆ ದಾರಿ ಕೇಳುವವರು ಈಗ ಕಡಿಮೆ. ಬೀದಿಯ ತುದಿಯಲ್ಲಿ ಕಟ್ಟಿದ ಬ್ಯಾನರ್ ನೋಡಿಕೊಂಡು ಹೋಗುತ್ತಾರೆ. ಯಾರು ಹೋದರು ಎಂದು ಹಾಲಿನವನಿಗೂ ಬಸ್ಸಿನವನಿಗೂ ತಿಳಿಯುವುದು ಅದರಿಂದಲೇ. ಆ ಮುಖಗಳನ್ನು ಮಾಡುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬ್ಯಾನರಿನ ಮೂಲೆಯಲ್ಲಿ ಅಂಗಡಿಯ ಫೋನ್ ನಂಬರ್ ಇರುತ್ತದೆ, ಮಾಡಿದವರ ಹೆಸರಿರುವುದಿಲ್ಲ. ಹದಿನಾರನೆಯ ದಿನದ ಕಾರ್ಯ ಮುಗಿದ ಮೇಲೆ ಬ್ಯಾನರ್ ಇಳಿದು ಕೊಟ್ಟಿಗೆಯ ಚಾವಣಿ ಸೇರುತ್ತದೆ, ಇಲ್ಲವೇ ಟೊಮೆಟೊ ರಾಶಿಗೆ ಹೊದಿಕೆಯಾಗುತ್ತದೆ.

ಮುನಿಲಕ್ಷ್ಮಿಗೆ ಈಗ ನಲವತ್ತೆಂಟು. ಈ ಕುರ್ಚಿಯಲ್ಲಿ ಹದಿನಾರನೆಯ ವರ್ಷ. ದಿನಕ್ಕೆ ಐದರಿಂದ ಹತ್ತು ಬ್ಯಾನರ್; ಮದುವೆ ತಿಂಗಳುಗಳಲ್ಲಿ ಇಪ್ಪತ್ತು ಮೀರುವುದೂ ಉಂಟು. ಚಳಿಗಾಲದಲ್ಲಿ ವಯಸ್ಸಾದವರು ಹೆಚ್ಚು ಹೋಗುತ್ತಾರೆ, ಆಗ ಬೆಳಿಗ್ಗೆ ಐದಕ್ಕೇ ಶಟರ್ ಎತ್ತಬೇಕು. ಈವರೆಗೆ ಎಷ್ಟು ಮುಖ ಮಾಡಿರಬಹುದು? ಯಾರೂ ಬರೆದಿಟ್ಟಿಲ್ಲ. ಮೂವತ್ತು ಸಾವಿರ ದಾಟಿರಬಹುದು ಎಂಬುದು ಅವರ ಅಂದಾಜು. ಅಂದಾಜು ಹೇಳಿದ ಮೇಲೂ ಅವರಿಗೆ ಅನುಮಾನ: “ಜಾಸ್ತಿ ಹೇಳ್ಬುಟ್ನೇನೋ. ಇಪ್ಪತ್ತೈದು ಅಂತ ಇಟ್ಕೊಳಿ.”

ಹುಟ್ಟಿದ್ದು ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಯಲ್ಲಿ. ಬಸ್ಸು ಹಿಡಿಯಲು ಎರಡು ಗುಡ್ಡ ಇಳಿಯಬೇಕಿತ್ತು. ಹತ್ತನೆಯವರೆಗೆ ಕನ್ನಡ ಶಾಲೆ. ಮದುವೆಯಾಗಿ ಹೊಸೂರಿಗೆ ಬಂದ ಮೇಲೆ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಡಬ್ಬಕ್ಕೆ ತುಂಬುವ ಕೆಲಸ, ಅದೂ ಕಾಂಟ್ರಾಕ್ಟ್ ಮೇಲೆ. ಶಿಫ್ಟ್ ಮುಗಿಸಿ, ಸಂಜೆ ಆರರಿಂದ ಎಂಟರವರೆಗೆ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಹೋದರು. ಅಲ್ಲಿ ತಮಿಳು ಟೈಪಿಂಗ್ ಕಲಿಸಿದರು. ಕನ್ನಡ ಬಲ್ಲವರಿರಲಿಲ್ಲ. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂದು ಒಂದೊಂದೇ ಒತ್ತಿ ನೋಡಿ, ರಟ್ಟಿನ ಮೇಲೆ ಬರೆದುಕೊಂಡು, ಕನ್ನಡವನ್ನು ತಾವೇ ಹುಡುಕಿಕೊಂಡರು.

“ತಮಿಳು ಓದೋಕೆ ಬಂದಿದ್ದೇ ಕೀಬೋರ್ಡ್ ಮೇಲೆ, ಪುಸ್ತಕದ ಮೇಲಲ್ಲ,” ಎನ್ನುತ್ತಾರೆ. ತೆಲುಗನ್ನು ಗಿರಾಕಿಗಳೇ ಕಲಿಸಿದರು. ಈಗ ಮೂರೂ ಭಾಷೆಯಲ್ಲಿ ಅವರ ಕೈ ಓಡುತ್ತದೆ. ಗಂಡ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದಾರೆ. ಮಗಳು ಭಾನು ಕೃಷ್ಣಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ತಾಯಿ ಪಿಳ್ಳಮ್ಮ, ಎಪ್ಪತ್ತಾರು ವರ್ಷ, ಜೊತೆಗೇ ಇದ್ದಾರೆ.

ಇಷ್ಟು ಕಷ್ಟಪಟ್ಟು ಕಲಿತ ಕೆಲಸವನ್ನು ಬಿಟ್ಟುಬಿಡುವುದೆಂದು ಮುನಿಲಕ್ಷ್ಮಿ ಎರಡು ತಿಂಗಳ ಹಿಂದೆ ಹೆಚ್ಚುಕಡಿಮೆ ತೀರ್ಮಾನಿಸಿದ್ದರು. ಅದು ಶುರುವಾದದ್ದು ಉದ್ದನಪಲ್ಲಿಯ ಪಾಪಯ್ಯನವರ ಬ್ಯಾನರಿನಿಂದ.

ಪಾಪಯ್ಯ ಮಾವಿನ ತೋಪು ಇಟ್ಟುಕೊಂಡು ನೆಮ್ಮದಿಯಾಗಿದ್ದವರು. ಕಳೆದ ವರ್ಷ ಒಂದು ಬೆಳಿಗ್ಗೆ ಮಲಗಿದ್ದವರು ಏಳಲಿಲ್ಲ, ಹೃದಯ ನಿಂತಿತ್ತು. ಮಗಳು ಚಂದ್ರಲೇಖಾ ಅಳುತ್ತಲೇ ಫೋಟೊ ಕಳಿಸಿದಳು. ಮುನಿಲಕ್ಷ್ಮಿ ಎಂದಿನಂತೆ ಮಾಡಿದರು. ವಾಟ್ಸಾಪಿನಲ್ಲಿ ಒಮ್ಮೆ ತೋರಿಸಿ ಒಪ್ಪಿಗೆಯನ್ನೂ ಪಡೆದರು. ಆದರೆ ಹಾಗೆ ಕಳಿಸಿದಾಗ ಮನೆಯವರು ನೋಡುವುದು ಹೆಸರುಗಳನ್ನು. ಯಾರ ಹೆಸರು ಬಿಟ್ಟುಹೋಗಿದೆ, ಯಾವ ಅಳಿಯ ಮೊದಲು, ಯಾವ ಸೊಸೆ ಕೊನೆಗೆ ಎನ್ನುವುದೇ ಅವರ ಚಿಂತೆ. ಆ ಹೊತ್ತಿನಲ್ಲಿ ಮುಖ ನೋಡುವ ಧೈರ್ಯ ಯಾರಿಗಿರುತ್ತದೆ?

ಬ್ಯಾನರ್ ಕಟ್ಟಿದ ಮೇಲೆ ಎಲ್ಲರೂ ನೋಡಿದರು. ಪಾಪಯ್ಯನವರ ಮುಖ ನೀಲಿಗಟ್ಟಿತ್ತು. ತುಟಿ, ಕಣ್ಣ ಕೆಳಗೆ, ಕಿವಿಯ ಹತ್ತಿರವೆಲ್ಲ ನೀಲಿ. ಮಣ್ಣಿಗೆ ಬಂದವರು ಒಬ್ಬೊಬ್ಬರಾಗಿ ಚಂದ್ರಲೇಖಾಳ ಕಿವಿಯಲ್ಲಿ ಕೇಳತೊಡಗಿದರು: “ಯಾವ್ ಹಾವಮ್ಮ?” ಇಲ್ಲ, ಹಾರ್ಟು ನಿಂತದ್ದು ಎಂದರೆ ನಂಬುವವರಿಲ್ಲ. ಬ್ಯಾನರೇ ಹೇಳುತ್ತಿದೆಯಲ್ಲ! ಅದೇ ಸಂಜೆ ನಾಲ್ಕು ಜನ ದೊಣ್ಣೆ ಹಿಡಿದು ತೋಪಿನಲ್ಲಿ ಹಾವು ಹುಡುಕಿದರು. ಹುಲ್ಲಿನ ಬಣವೆ ಕೆದಕಿದರು. ಒಂದು ವಾರ ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಕೂಲಿಯ ಹೆಂಗಸರು ತೋಪಿಗೆ ಬರಲು ಒಪ್ಪಲಿಲ್ಲ.

ಹದಿನಾರನೆಯ ದಿನ ಚಂದ್ರಲೇಖಾ ಅಂಗಡಿಗೆ ಬಂದಳು. ಜಗಳ ಮಾಡಲಿಲ್ಲ. “ನಮ್ಮಪ್ಪ ಸುಖ್ವಾಗಿ ಹೋದ ಅಂತ ನಾವು ಸಮಾಧಾನ ಮಾಡ್ಕೊಂಡಿದ್ವಿ ಅಕ್ಕ. ಊರೋರೆಲ್ಲಾ ಒದ್ದಾಡಿ ಸತ್ತ ಅಂದ್ಕೊಂಡವ್ರೆ,” ಎಂದಷ್ಟೇ ಹೇಳಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಮುನಿಲಕ್ಷ್ಮಿಗೆ ಈಗಲೂ ಅನಿಸುತ್ತದೆ.

ಅವರ ಕುರ್ಚಿಯ ಪಕ್ಕದ ಗೋಡೆಯಲ್ಲಿ ಒಂದು ಹಳೆಯ ಹಾಳೆ ಅಂಟಿಸಿದೆ. ಕುಂಕುಮಕ್ಕೆ ಇಷ್ಟು, ಅರಿಸಿನಕ್ಕೆ ಇಷ್ಟು, ವೀಳ್ಯದೆಲೆಯ ಹಸಿರಿಗೆ ಇಷ್ಟು ಎಂದು ಒಂದೊಂದು ಬಣ್ಣಕ್ಕೂ ಅಂಕಿ. ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಪರದೆಯಲ್ಲಿ ಹೇಗೇ ಕಾಣಲಿ, ಮೆಷೀನಿನಿಂದ ಸರಿಯಾದ ಬಣ್ಣವೇ ಬರುತ್ತದೆ.

“ಕುಂಕುಮಕ್ಕೆ ನಂಬರ್ ಐತೆ, ಮುಖಕ್ಕೆ ನಂಬರ್ ಇಲ್ಲ,” ಎನ್ನುತ್ತಾರೆ ಮುನಿಲಕ್ಷ್ಮಿ. “ಒಬ್ಬೊಬ್ರುದು ಒಂದೊಂದು ಬಣ್ಣ. ಬಿಸ್ಲಾಗೆ ದುಡ್ದೋರ್ದು ಬ್ಯಾರೆ, ನೆಳ್ಳಾಗೆ ಕುಂತೋರ್ದು ಬ್ಯಾರೆ. ಅದನ್ನ ಕಣ್ಣಾಗೇ ನೋಡಿ ಮಾಡ್ಬೇಕು. ಕಣ್ಣೇ ಮೋಸ ಮಾಡುದ್ರೆ?”

ಪಾಪಯ್ಯನವರ ಬ್ಯಾನರ್ ಆದ ಮೇಲೆ ಅವರು ಹೆದರಿಕೆಯಿಂದ ಮುಖಗಳಿಗೆ ಒಂದಿಷ್ಟು ಹಳದಿ ಸೇರಿಸತೊಡಗಿದರು. ಎಷ್ಟು ಸೇರಿಸಬೇಕು ಎಂಬುದಕ್ಕೆ ಲೆಕ್ಕವಿರಲಿಲ್ಲ. ಮಗುವೊಂದರ ಕಿವಿ ಚುಚ್ಚುವ ಶಾಸ್ತ್ರದ ಬ್ಯಾನರ್ ಮಾಡಿದಾಗ ಮಗು ಅರಿಸಿನದ ಕೊಂಬಿನಂತೆ ಬಂತು. ಮಗುವಿನ ತಾತ ಅಂಗಡಿಯಲ್ಲಿ ನಿಂತು ಕೂಗಾಡಿದರು. ಅಂಗಡಿಯ ಮಾಲೀಕ ತಿಮ್ಮರಾಜು ಮರು ಮಾತಿಲ್ಲದೆ ಬೇರೆ ಪ್ರಿಂಟ್ ಹಾಕಿಸಿಕೊಟ್ಟರು. ಮುನಿಲಕ್ಷ್ಮಿಗಿಂತ ಹತ್ತು ವರ್ಷ ಚಿಕ್ಕವರು. ಅಕ್ಕ ಎಂದೇ ಕರೆಯುತ್ತಾರೆ. ತಾತ ಹೋದ ಮೇಲೆ ಮೆಲ್ಲಗೆ ಹೇಳಿದರು:

“ಅಕ್ಕ, ತಪ್ಪು ತಿಳ್ಕೋಬ್ಯಾಡ. ಒಂದ್ಸಲ ಕಣ್ಣು ತೋರಿಸ್ಕೊ.”

ಆ ಮಾತು ಎದೆಗೆ ನಾಟಿತು. ಅದಕ್ಕೊಂದು ಕಾರಣವಿದೆ. ತಾಯಿ ಪಿಳ್ಳಮ್ಮನವರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಗುವ ಮೊದಲು ಅವರು ಹೇಳುತ್ತಿದ್ದ ಮಾತೇ ಒಂದು: “ಎಲ್ಲಾ ಅರಿಸಿನ ನೀರಾಗೆ ಅದ್ದಿದಂಗೆ ಕಾಣ್ತೈತೆ ಕಣಮ್ಮಿ.” ಮುನಿಲಕ್ಷ್ಮಿ ಲೆಕ್ಕ ಹಾಕಿದರು. ತನ್ನ ಕಣ್ಣಿಗೂ ಎಲ್ಲವೂ ಹಳದಿಯಾಗಿ ಕಾಣುತ್ತಿದ್ದರೆ, ಗೊತ್ತಿಲ್ಲದೆ ತಾನು ಹಳದಿಯನ್ನು ಕಡಿಮೆ ಮಾಡುತ್ತಿರಬೇಕು. ಹಳದಿ ಕಡಿಮೆಯಾದರೆ ಉಳಿಯುವುದು ನೀಲಿ. ಪಾಪಯ್ಯ ನೀಲಿಗಟ್ಟಿದ್ದು ಹೀಗೇ.

ಕನ್ನಡಕದ ಅಂಗಡಿಗೆ ಹೋಗಿ ಗೋಡೆಯ ಅಕ್ಷರ ಓದಿಬಂದರು. ಕೊನೆಯ ಸಾಲಿನವರೆಗೂ ಓದಿದರು. ಆದರೆ ಅವು ಬಿಳಿಯ ಮೇಲಿನ ಕಪ್ಪು ಅಕ್ಷರಗಳು. ಬಣ್ಣದ ವಿಷಯ ಕೇಳಲು ಬಾಯಿ ಬರಲಿಲ್ಲ. ಬಿಳಿ ಹಾಳೆಯೊಂದನ್ನು ಮಾನಿಟರಿನ ಪಕ್ಕ ಹಿಡಿದೂ ನೋಡಿದರು. ಹೆದರಿದ ಕಣ್ಣಿಗೆ ಒಮ್ಮೆ ಹಾಳೆ ಹಳದಿ ಕಂಡರೆ ಇನ್ನೊಮ್ಮೆ ಪರದೆ ಹಳದಿ. ಮಗಳಿಗೆ ಹೇಳಲಿಲ್ಲ. “ಭಾನುಗೆ ಅಂದಿದ್ರೆ ಎಳ್ಕೊಂಡೋಗಿ ಆಸ್ಪತ್ರೇನಾಗೆ ಕೂರಿಸ್ಬುಡೋಳು. ಅದ್ಕೇ ಅನ್ಲಿಲ್ಲ. ಡಾಕ್ಟ್ರು ಹೇಳೋವರ್ಗೂ ಕಾಯ್ಲೆ ಇಲ್ಲ ಅಂತಾನೇ ಲೆಕ್ಕ ಅಲ್ವಾ?”

ಹಳೆಯ ಮಾನಿಟರ್ ಹನ್ನೊಂದು ವರ್ಷದ್ದು. ಬೆಳಿಗ್ಗೆ ಹಾಕಿದರೆ ಹತ್ತು ನಿಮಿಷ ಮಂಕಾಗಿದ್ದು ಆಮೇಲೆ ಬೆಳಗುತ್ತಿತ್ತು. ಒಂದು ದಿನ ಅರ್ಧ ಗಂಟೆಯಾದರೂ ಬೆಳಗಲಿಲ್ಲ. ಶ್ರದ್ಧಾಂಜಲಿ ಬ್ಯಾನರ್ ತಡವಾಗಿ, ಶವ ಎತ್ತಿದ ಮೇಲೆ ಹೋಯಿತು. ತಿಮ್ಮರಾಜು ಹೇಳಿದರು:

“ಹೊಸಾದು ತಗೊಂಡ್ಬುಡು ಅಕ್ಕ. ನೀನೇ ಹೋಗಿ ಆರಿಸ್ಕೊ. ಅದ್ರ ಮುಂದೆ ಕೂರೋಳು ನೀನು.”

ಬೇರೆ ಯಾರಾದರೂ ಆ ಸಂಜೆಯೇ ಹೋಗುತ್ತಿದ್ದರು. ಮುನಿಲಕ್ಷ್ಮಿ ಮೂರು ವಾರ ಹೋಗಲಿಲ್ಲ. ಇವತ್ತು ಮುಹೂರ್ತದ ಕೆಲಸ ಇದೆ, ನಾಳೆ ಅಮಾವಾಸ್ಯೆ, ನಾಡಿದ್ದು ಮಳೆ ಬರುವ ಹಾಗಿದೆ ಎಂದು ದಿನಕ್ಕೊಂದು ನೆಪ. ನಿಜವಾದ ಕಾರಣವನ್ನು ಈಗ ನಕ್ಕು ಹೇಳುತ್ತಾರೆ. “ಹಳೇದು ಇರೋವರ್ಗೂ ತಪ್ಪನ್ನ ಅದ್ರ ಮೇಲೆ ಹಾಕ್ಬೋದಿತ್ತು. ಹೊಸಾದು ತಂದ್ಮೇಲೂ ಮುಖ ನೀಲಿ ಬಂದ್ರೆ ಯಾರ ಮೇಲೆ ಹಾಕ್ಲಿ? ಕಣ್ಣು ಹೋಗೈತೆ ಅಂತ ಒಪ್ಕೋಬೇಕು, ಎದ್ದು ಮನೇಗೆ ಹೋಗ್ಬೇಕು.”

ಕೊನೆಗೊಂದು ಶನಿವಾರ ಮಧ್ಯಾಹ್ನ ಹೊರಟರು. ವಯರ್ ಚೀಲದಲ್ಲಿ ಒಂದು ಪೊಟ್ಟಣ ಕುಂಕುಮ, ಒಂದು ಅರಿಸಿನದ ಕೊಂಬು, ಎರಡು ವೀಳ್ಯದೆಲೆ, ಜೊತೆಗೊಂದು ಪೆನ್ ಡ್ರೈವ್. ಕೈ ಹಿಡಿದುಕೊಂಡು ತಾಯಿ ಪಿಳ್ಳಮ್ಮ. ಎಲ್ಲಿಗೆ ಎಂದು ತಾಯಿಗೆ ಸರಿಯಾಗಿ ಹೇಳಿರಲಿಲ್ಲ.

ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಐದು ಮಾನಿಟರ್‌ಗಳನ್ನು ಸಾಲಾಗಿ ಜೋಡಿಸಿದ್ದರು. ಐದರಲ್ಲೂ ಒಂದೇ ಗಿಳಿ ಒಂದೇ ಸಮುದ್ರದ ಮೇಲೆ ಹಾರುತ್ತಿತ್ತು. ಮಾರಾಟಕ್ಕೆ ನಿಂತಿದ್ದ ಹುಡುಗಿ ಸಿಂಚನಾ. ತಂದೆ ತುಮಕೂರು ಕಡೆಯಿಂದ ಇಲ್ಲಿನ ಕಾರ್ಖಾನೆಗೆ ಬಂದು ನೆಲೆಸಿದವರು. ಕನ್ನಡ ಕೇಳಿದ್ದೇ ಅವಳಿಗೆ ಖುಷಿ.

“ಇದು ನೋಡಿ ಆಂಟಿ, ಗೇಮಿಂಗ್‌ದು. ಎಷ್ಟು ಫಾಸ್ಟಾಗಿ ಓಡಿದ್ರೂ ಚೂರೂ ಕದಡಲ್ಲ.”

“ನಮ್ ಬ್ಯಾನರ್‌ನಾಗೆ ಯಾರೂ ಓಡಲ್ಲ ಕಣಮ್ಮ. ಸುಮ್ಕೆ ಕುಂತಿರ್ತಾರೆ.”

ಸಿಂಚನಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಬೇಕೋ ಬೇಡವೋ ತಿಳಿಯದೆ ನಿಂತಳು. ಅಷ್ಟರಲ್ಲಿ ಮುನಿಲಕ್ಷ್ಮಿ ಚೀಲ ಬಿಚ್ಚಿ ಕುಂಕುಮ, ಅರಿಸಿನ, ಎಲೆಗಳನ್ನು ಮೇಜಿನ ಮೇಲೆ ಇಡತೊಡಗಿದ್ದರು.

“ಆಂಟಿ, ಪೂಜೆ ಎಲ್ಲಾ ಮನೆಗೆ ತಗೊಂಡೋದ್ಮೇಲೆ ಮಾಡ್ಕೊಳ್ಳಿ!”

“ಪೂಜೆಯಲ್ಲಮ್ಮ, ಪರೀಕ್ಷೆ. ಆ ಗಿಳಿ ತೆಗ್ದು ಇದ್ರಾಗಿರೋದು ಹಾಕು. ಜಾಸ್ತಿ ಮಿಂಚು ಇಟ್ಟಿದ್ರೆ ಅದನ್ನೂ ತೆಗ್ದುಬುಡು. ಗಿಳೀನ ನಾನು ತೋಪ್ನಾಗೆ ನೋಡಿವ್ನಿ, ಹಿಂಗೆಲ್ಲಾ ಹೊಳಿಯಲ್ಲ.”

ಪೆನ್ ಡ್ರೈವ್‌ನಲ್ಲಿ ಎರಡು ಫೈಲುಗಳಿದ್ದವು. ಮೊದಲನೆಯದು, ಮೇಜಿನ ಮೇಲಿದ್ದ ಸಾಮಾನುಗಳ ಫೋಟೊ. ಪರದೆಯ ಕುಂಕುಮದ ಪಕ್ಕ ನಿಜವಾದ ಕುಂಕುಮ ಹಿಡಿದು ಐದೂ ಮಾನಿಟರ್‌ಗಳ ಮುಂದೆ ನಡೆದರು. ಒಂದರಲ್ಲಿ ಕುಂಕುಮ ಕಿತ್ತಳೆಯಾಗಿತ್ತು, ಒಂದರಲ್ಲಿ ದಾಸವಾಳವಾಗಿತ್ತು. ಒಂದರಲ್ಲಿ ಅರಿಸಿನ ಸುಣ್ಣ ಕಲಸಿದಂತಿತ್ತು. ಎಲ್ಲವೂ ಹೊಸವು, ಆದರೂ ಐದಕ್ಕೂ ಐದು ಬಣ್ಣ. ಎರಡನ್ನು ಅಲ್ಲೇ ತಳ್ಳಿಹಾಕಿದರು. ಉಳಿದ ಮೂರರಲ್ಲಿ ಯಾವುದು? ಅದಕ್ಕೆ ಎರಡನೆಯ ಫೈಲು ಬೇಕಿತ್ತು.

ಅದನ್ನು ತೆರೆದ ಕೂಡಲೇ ತಳ್ಳಿಹಾಕಿದವೂ ಸೇರಿ ಐದು ಪರದೆಗಳಲ್ಲಿ ಐವರು ಪಿಳ್ಳಮ್ಮಂದಿರು ಕಾಣಿಸಿಕೊಂಡರು. ಸ್ಟುಡಿಯೊದಲ್ಲಿ ತೆಗೆಸಿದ ಮುಖದ ಚಿತ್ರ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದ ನಿಜವಾದ ಪಿಳ್ಳಮ್ಮ ಬೆಚ್ಚಿಬಿದ್ದರು.

“ಯಾಕಮ್ಮಿ! ನಂಗೂ ಬ್ಯಾನರ್ ಮಾಡ್ತಿದ್ದೀಯೇನೇ? ಇನ್ನೂ ಉಸ್ರಾಡ್ತಾ ಕುಂತಿವ್ನಲ್ಲೇ!”

“ಸುಮ್ಕಿರಮ್ಮ, ಮುಖ ಈ ಕಡೆ ತಿರುಗ್ಸು.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮುನಿಲಕ್ಷ್ಮಿ ನಗಲಿಲ್ಲ. ತಾಯಿಯ ಮುಖ ನೋಡಿದರು, ಪರದೆ ನೋಡಿದರು. ಆ ಮುಖದ ಬಣ್ಣ ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಅಂಚೆಟ್ಟಿಯ ಬಿಸಿಲು ಕುಡಿದ ಕಂದು. ಕೆನ್ನೆಯ ಮೇಲೆ ರಾಗಿ ಹಿಟ್ಟು ಸವರಿದಂಥ ಒಂದು ಮಾಸಲು. ಮತ್ತೆ ಮತ್ತೆ ನೋಡಿ, ಬಿಲ್ಲಿನ ಚೂರೊಂದರ ಹಿಂದೆ ಪೆನ್ನಿನಲ್ಲಿ ಒಂದು ಅಂಕಿ ಬರೆದು ಮಡಿಚಿ, ಮುಷ್ಟಿಯಲ್ಲಿ ಇಟ್ಟುಕೊಂಡರು. ಆಮೇಲೆ ಸಿಂಚನಾಳನ್ನು ಕೇಳಿದರು:

“ನಮ್ಮಮ್ಮನ್ನ ನೋಡು. ಇವುಗಳ್ನೂ ನೋಡು. ಯಾವ್ದು ನಮ್ಮಮ್ಮ?”

“ಎರಡನೇದು ಆಂಟಿ. ಬ್ರೈಟಾಗಿದೆ, ಸೂಪರಾಗಿದೆ.”

ಮುನಿಲಕ್ಷ್ಮಿ ಮುಷ್ಟಿ ಬಿಗಿ ಮಾಡಿದರು. ಮುಷ್ಟಿಯಲ್ಲಿದ್ದ ಅಂಕಿ ಎರಡಲ್ಲ. ಸರಿ, ಕಣ್ಣಿನ ಕತೆ ಮುಗಿಯಿತು ಎಂದುಕೊಂಡರಂತೆ. ಆದರೂ ಒಂದು ಮಾತು ಸೇರಿಸಿದರು: “ಚೆನ್ನಾಗಿರೋದು ಯಾವ್ದು ಅಂತಲ್ಲಮ್ಮ. ಇವ್ಳ ಥರ ಇರೋದು ಯಾವ್ದು?”

ಸಿಂಚನಾ ಈಗ ಪಿಳ್ಳಮ್ಮನವರನ್ನು ಸರಿಯಾಗಿ ನೋಡಿದಳು. ಮೆಲ್ಲಗೆ ಕೈ ಹಿಡಿದು ಎಬ್ಬಿಸಿ, ಒಂದೊಂದು ಪರದೆಯ ಪಕ್ಕಕ್ಕೂ ನಿಲ್ಲಿಸಿದಳು. “ಅಯ್ಯೋ, ಇಲ್ಲ ಆಂಟಿ. ಎರಡನೇದ್ರಲ್ಲಿ ಅಜ್ಜಿಗೆ ಪೌಡರ್ ಹಾಕ್ದಂಗಿದೆ. ನಾಲ್ಕನೇದು. ನಾಲ್ಕನೇದೇ.”

ಕೀಬೋರ್ಡ್ ಕೊಳ್ಳಲು ಬಂದಿದ್ದ ಯತಿರಾಜ್ ಎಂಬ ಶಾಲೆಯ ಗುಮಾಸ್ತರು ಕೇಳದಿದ್ದರೂ ಮುಂದೆ ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. “ನಾಲ್ಕ್ನೇದಮ್ಮ. ಅನುಮಾನವೇ ಬ್ಯಾಡ,” ಎಂದರು.

ಕೊನೆಗೆ ಪಿಳ್ಳಮ್ಮ. ಆಪರೇಷನ್ ಆದ ಕಣ್ಣುಗಳನ್ನು ಕಿರಿದು ಮಾಡಿ ಸಾಲಿನುದ್ದಕ್ಕೂ ನೋಡಿದರು. “ಬಣ್ಣಗಿಣ್ಣ ನಂಗೊತ್ತಿಲ್ಲ. ಆ ಕಡೆಯಿಂದ ಎರಡ್ನೇದ್ರಾಗೆ ನಾನು ನಮ್ಮವ್ವ ಇದ್ದಂಗಿವ್ನಿ. ಉಳ್ದೋರ್ಯಾರೋ ನಂಗೊತ್ತಿಲ್ಲ.”

ಆ ಕಡೆಯಿಂದ ಎರಡನೆಯದು ಎಂದರೆ ಈ ಕಡೆಯಿಂದ ನಾಲ್ಕನೆಯದು. ಮುನಿಲಕ್ಷ್ಮಿ ಮುಷ್ಟಿ ಬಿಚ್ಚಿದರು. ಬೆವರಿಗೆ ಚೂರು ಒದ್ದೆಯಾಗಿತ್ತು, ಅಂಕಿ ಸ್ವಲ್ಪ ಹರಡಿತ್ತು. ನಾಲ್ಕು ಎಂದು ಓದಬಹುದಿತ್ತು. ತಾಯಿ ಬಿಟ್ಟೆದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಸಿಂಚನಾ ಗಾಬರಿಯಿಂದ ನೀರು ತಂದುಕೊಟ್ಟಳು.

“ನನ್ ಕಣ್ಣು ಚೆನ್ನಾಗೈತಂತೆ ಕಣಮ್ಮ,” ಎಂದರು ಮುನಿಲಕ್ಷ್ಮಿ, ತಾಯಿಗೋ ಸಿಂಚನಾಗೋ ಎನ್ನುವಂತೆ. “ಪೊರೆಯಿಲ್ಲ, ಏನಿಲ್ಲ. ಹಾಳಾದ್ದು ಆ ಮಾನಿಟರೇ ಮುದಿಯಾಗಿರೋದು.”

ನಾಲ್ಕನೆಯದು ಆ ಸಾಲಿನ ದುಬಾರಿ ಮಾನಿಟರ್ ಅಲ್ಲ. ಬೆಲೆಯಲ್ಲಿ ಕೆಳಗಿನಿಂದ ಎರಡನೆಯ ಸ್ಥಾನ ಅದಕ್ಕೆ. ಪೆಟ್ಟಿಗೆ ಕಟ್ಟಿಕೊಡುವಾಗ ಸಿಂಚನಾ ಹಿಂದೆ ಮುಂದೆ ನೋಡಿ ಒಂದು ವೀಳ್ಯದೆಲೆ ಕೇಳಿ ಇಸಿದುಕೊಂಡಳಂತೆ. ಮುಂದಿನ ಗಿರಾಕಿಗೆ ತೋರಿಸಲು.

ಅವತ್ತು ಸಂಜೆ ಅಂಗಡಿಯಲ್ಲಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅದೇ ಫೈಲು ತೆರೆದರು. ಹೊಸದರಲ್ಲಿ ಪಿಳ್ಳಮ್ಮ. ಹಳೆಯದರಲ್ಲಿ ಅರಿಸಿನ ನೀರಿನಲ್ಲಿ ಅದ್ದಿ ತೆಗೆದ ಯಾರೋ ಒಬ್ಬ ಮುದುಕಿ. ಹನ್ನೊಂದು ವರ್ಷಗಳಲ್ಲಿ ದಿನಕ್ಕೆ ಕೂದಲೆಳೆಯಷ್ಟು ಹಳದಿಯಾಗುತ್ತ ಬಂದ ಪರದೆ ಅದು. ಅದರ ಮುಖ ಇದ್ದದ್ದು ಮುನಿಲಕ್ಷ್ಮಿಯ ಕುರ್ಚಿ, ಅದರ ಹಿಂದಿನ ಗೋಡೆಯ ಕಡೆಗೆ. ಅವರೊಬ್ಬರನ್ನು ಬಿಟ್ಟು ಅದನ್ನು ಯಾರೂ ನೋಡುತ್ತಿರಲಿಲ್ಲ. ತಿಮ್ಮರಾಜು ಮೊದಲ ಸಲ ಆ ಕುರ್ಚಿಯಲ್ಲಿ ಕುಳಿತು ನೋಡಿದರು.

“ಇದ್ರಾಗಾ ಅಕ್ಕ ನೀನು ಇಷ್ಟು ವರ್ಷ ಮಾಡಿದ್ದು? ನಾನು ನಿನ್ ಕಣ್ಣಿಗೆ ಅಂದ್ನಲ್ಲ...”

“ಅಂದಿದ್ದು ಒಳ್ಳೇದೇ ಆಯ್ತು ಬುಡಪ್ಪ. ಇಲ್ದಿದ್ರೆ ಇನ್ನೆಷ್ಟು ಜನಕ್ಕೆ ಹಾವು ಕಚ್ಚಿಸ್ತಿದ್ನೋ!”

ಆಮೇಲೆ ಭಾನುವಿಗೂ ವಿಷಯ ತಿಳಿಯಿತು. ಬೈದಳು, ಬಿಡದೆ ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದಳು. ಪೊರೆ ಇಲ್ಲ; ಓದುವ ಕನ್ನಡಕದ ನಂಬರು ಮಾತ್ರ ಸ್ವಲ್ಪ ಏರಿದೆ. ಆದರೂ ಮುನಿಲಕ್ಷ್ಮಿಗೆ ಈಗ ಒಂದು ಅಭ್ಯಾಸ ಅಂಟಿಕೊಂಡಿದೆ. ಹೊಸ ಮಾನಿಟರೂ ಒಂದು ದಿನ ಹಳೆಯದಾಗುತ್ತದೆ, ಹೇಳದೆ ಕೇಳದೆ. ಅದಕ್ಕೇ ದಿನಾ ಬೆಳಿಗ್ಗೆ ಆ ಎಡಗೈಯ ಪರೀಕ್ಷೆ.

ಎಲ್ಲ ಸರಿಹೋದ ಮೇಲೂ ಒಂದು ಕೆಲಸ ಬಾಕಿ ಇತ್ತು. ಪಾಪಯ್ಯನವರ ವರ್ಷದ ತಿ‌ಥಿ ಹತ್ತಿರ ಬಂದಾಗ ಮುನಿಲಕ್ಷ್ಮಿಯೇ ಚಂದ್ರಲೇಖಾಗೆ ಫೋನು ಮಾಡಿದರು. “ಬ್ಯಾಡ ಅಕ್ಕ. ಹೋದ್ ವರ್ಷದ್ದೇ ಸಾಕಾಗೈತೆ,” ಎಂದಳು ಆಕೆ.

“ಒಂದ್ ದಪ ಬಂದು ನನ್ ಪಕ್ಕ ಕೂತ್ಕೊ ತಾಯಿ. ನೀನು ಹ್ಞೂಂ ಅನ್ನೋವರ್ಗೂ ಮಿಸೀನಿಗೆ ಹಾಕಲ್ಲ.”

ಚಂದ್ರಲೇಖಾ ಬಂದಳು. ಹೆಸರುಗಳನ್ನು ಆಮೇಲೆ ನೋಡೋಣ ಎಂದು ಮುನಿಲಕ್ಷ್ಮಿ ಮುಖ ಒಂದನ್ನೇ ಪರದೆಯ ತುಂಬ ಹಾಕಿದರು. ಹಿಂದೆ ಮೋಡವಿಲ್ಲ, ತಾವರೆಯಿಲ್ಲ. ಅದೇ ಹಳೆಯ ಫೋಟೊ. ಹಣೆಯ ಮೇಲೆ ಬಿಸಿಲಿನ ಕಪ್ಪು, ತಲೆಗೆ ವಸ್ತ್ರ ಸುತ್ತುತ್ತಿದ್ದ ಕಡೆ ಒಂದು ಗೆರೆ ತಿಳಿ. ಬೆಳ್ಳಗೆ ಮಾಡಿರಲಿಲ್ಲ. ಚಂದ್ರಲೇಖಾ ಪರದೆಯ ಹತ್ತಿರ ಬಾಗಿದಳು. ಹೇಳಿದ್ದು ಒಂದೇ ಮಾತು:

“ಅಪ್ಪ ಈಗ್ತಾನೆ ತೋಪಿಂದ ಬಂದು ನೀರು ಕೇಳ್ತಾ ಕುಂತಂಗವ್ನೆ.”

ಹದಿನಾರು ವರ್ಷಗಳಲ್ಲಿ ತಾವು ಮಾಡಿದ ಬ್ಯಾನರನ್ನು ಕಟ್ಟಿದ ಜಾಗಕ್ಕೇ ಹೋಗಿ ಮುನಿಲಕ್ಷ್ಮಿ ಎಂದೂ ನೋಡಿದವರಲ್ಲ. ತಿಥಿಯ ಬೆಳಿಗ್ಗೆ ಮೊದಲ ಬಸ್ಸಿಗೆ ಉದ್ದನಪಲ್ಲಿಗೆ ಹೋಗುತ್ತಾರೆ. ಊರ ಮುಂದಿನ ಹುಣಸೆಮರಕ್ಕೆ ಬ್ಯಾನರ್ ಕಟ್ಟಿ ಆಗಿದೆ. ಎಳೆಬಿಸಿಲು ನೇರ ಅದರ ಮೇಲೆ ಬೀಳುತ್ತಿದೆ. ಪಕ್ಕದಲ್ಲಿ ಚಂದ್ರಲೇಖಾ ಬಂದು ನಿಲ್ಲುತ್ತಾಳೆ. ಮುನಿಲಕ್ಷ್ಮಿ ಗೊತ್ತಿಲ್ಲದೆಯೇ ಎಡಗೈ ಮೇಲೆತ್ತಿ, ದೂರದಿಂದಲೇ ಆ ಮುಖದ ಪಕ್ಕಕ್ಕೆ ಹಿಡಿದು ನೋಡಿ, ಇಳಿಸುತ್ತಾರೆ.

ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ ಒಂದು ಬರುತ್ತದೆ. ಓಡಿಸುತ್ತಿರುವ ಮುದುಕರು ವೇಗ ಇಳಿಸಿ, ಒಂದು ಕಾಲು ನೆಲಕ್ಕೆ ಊರಿ, ಬ್ಯಾನರ್ ನೋಡುತ್ತಾರೆ.

“ಓ, ನಮ್ ಪಾಪಯ್ಯ! ಆಗ್ಲೇ ವರ್ಷ ಆಗೋಯ್ತಾ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮುಂದೆ ಹೋಗುತ್ತಾರೆ.

ಮೊಪೆಡ್ ತಿರುವಿನಲ್ಲಿ ಮರೆಯಾಗುವವರೆಗೂ ಮುನಿಲಕ್ಷ್ಮಿ ನೋಡುತ್ತ ನಿಂತಿರುತ್ತಾರೆ. ಆಮೇಲೆ ಚಂದ್ರಲೇಖಾಳ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ:

“ನೋಡ್ದಾ? ಬ್ಯಾನರ್ ಚೆನ್ನಾಗೈತೆ ಅನ್ಲಿಲ್ಲ. ಹಾವು ಅನ್ಲಿಲ್ಲ. ಪಾಪಯ್ಯ ಅಂದ. ನಂಗೆ ಅಷ್ಟು ಸಾಕು.”